ಮನೆ ರಿಪೇರಿಗೆ ಯಾರನ್ನು ಕರೆಯುವುದು? ಓಣಿಯ ಮಿಸ್ತ್ರಿ, ಅಂಗಡಿಯವರು ಕಳಿಸಿದವ, ಆ್ಯಪ್, ಗುತ್ತಿಗೆದಾರ: ಒಂದು ಹೋಲಿಕೆ

ಬಾತ್‌ರೂಮಿನ ಆಚೆ ಬದಿಯ ಗೋಡೆ ಹಸಿಯಾಗಿದೆ ಎಂದಿಟ್ಟುಕೊಳ್ಳಿ. ಪೇಂಟರ್ ಬಂದರೆ ಡ್ಯಾಂಪ್‌ಪ್ರೂಫ್ ಬಳಿಯೋಣ ಎನ್ನುತ್ತಾನೆ. ಪ್ಲಂಬರ್ ಗೋಡೆ ಒಡೆದು ಪೈಪ್ ನೋಡಬೇಕು ಎನ್ನುತ್ತಾನೆ. ಗಾರೆ ಕೆಲಸದ ಗೌಂಡಿ ಗಿಲಾವು (ಪ್ಲಾಸ್ಟರ್) ಕಿತ್ತು ಹೊಸದಾಗಿ ಮಾಡೋಣ ಎನ್ನುತ್ತಾನೆ. ವಾಟರ್‌ಪ್ರೂಫಿಂಗ್‌ನವರು ಒಳಗಿನ ಟೈಲ್ಸ್ ಪೂರ್ತಿ ತೆಗೆಸಲು ಹೇಳುತ್ತಾರೆ. ಇವರಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ, ತಮಗೆ ಬರುವ ಕೆಲಸವನ್ನೇ ಮದ್ದೆಂದು ಹೇಳುತ್ತಿದ್ದಾರೆ ಅಷ್ಟೇ. ನಾಲ್ವರಲ್ಲಿ ಯಾರನ್ನು ಮೊದಲು ಕರೆದಿರೋ ಅವರ ಮಾತಿನ ಮೇಲೆ ನಿಮ್ಮ ದುಡ್ಡು ಹೋಗುತ್ತದೆ.

ಹಾಗಾಗಿ ದರ, ಪರಿಚಯ ಎಲ್ಲ ಆಮೇಲೆ. ಏನು ಕೆಟ್ಟಿದೆ ಅನ್ನುವುದು ಗೊತ್ತಿದೆಯೋ ಇಲ್ಲವೋ, ಮೊದಲು ಅದನ್ನು ಕೇಳಿಕೊಳ್ಳಿ. ನಳದ ಸ್ಪಿಂಡಲ್ ಹೋಗಿದೆ, ಫ್ಯಾನ್ ಕೂಡಿಸಬೇಕು, ಬಾಗಿಲ ಚಿಲಕ ಮುರಿದಿದೆ ಎಂದರೆ ಹತ್ತಿರದವ, ಬೇಗ ಬರುವವ ಸಾಕು. ಗೋಡೆ ಯಾಕೆ ಹಸಿಯಾಗಿದೆ, ಬಿರುಕು ಯಾಕೆ ಬಿಟ್ಟಿದೆ, ಎಂಸಿಬಿ (ಲೋಡ್ ಹೆಚ್ಚಾದರೆ ತಾನಾಗಿ ಬೀಳುವ ಸ್ವಿಚ್) ಯಾಕೆ ಪದೇ ಪದೇ ಬೀಳುತ್ತಿದೆ ಎಂಬಂಥ ಕೆಲಸಕ್ಕೆ ಕಾರಣ ಹುಡುಕಬಲ್ಲವನೇ ಬೇಕು. ಬಂದು ನೋಡಿದ್ದಕ್ಕೆ ಬೇರೆ ದುಡ್ಡು ಕೇಳಿದರೂ ಕೊಡಿ, ನಷ್ಟವಿಲ್ಲ.

ಜನ ಸಿಗುವ ದಾರಿಗಳು

ಓಣಿಯ ಮಿಸ್ತ್ರಿಯ ದೊಡ್ಡ ಬಂಡವಾಳ ಆ ಓಣಿಯ ಪರಿಚಯ. ನೀರು ಯಾವ ದಿನ ಬರುತ್ತದೆ, ಎಷ್ಟು ಒತ್ತಡದಲ್ಲಿ ಬರುತ್ತದೆ, ಕಾರ್ಪೊರೇಶನ್ ಲೈನ್ ಮನೆಯೊಳಗೆ ಎಲ್ಲಿಂದ ಬಂದಿದೆ, ಪಕ್ಕದ ಮನೆಯ ಸಂಪ್ ಎಲ್ಲಿದೆ ಎಲ್ಲ ಅವನಿಗೆ ಗೊತ್ತು. ಹುಬ್ಬಳ್ಳಿ-ಧಾರವಾಡ ಅವಳಿ ನಗರದಲ್ಲಿ ನೀರು ದಿನ ಬಿಟ್ಟು ದಿನವೂ ಬಾರದ ಓಣಿಗಳಿವೆ. ಅಲ್ಲಿ ಸಂಪ್, ಮೋಟರ್, ಫ್ಲೋಟ್ ವಾಲ್ವ್‌ಗಳ ಕೆಲಸಕ್ಕೆ ಇವನಿಗಿಂತ ಚಲೋ ಮನುಷ್ಯ ಸಿಗುವುದು ಕಷ್ಟ. ಕೆಟ್ಟರೆ ಮರಳಿ ಬರುತ್ತಾನೆ, ಯಾಕೆಂದರೆ ಅದೇ ಓಣಿಯಲ್ಲಿ ಅವನ ಹೊಟ್ಟೆಪಾಡು. ತೊಂದರೆ ಇರುವುದು ಎಲ್ಲ ಕೆಲಸಕ್ಕೂ ‘ಬರತೈತಿ’ ಎನ್ನುವುದರಲ್ಲಿ. ಪ್ಲಂಬಿಂಗ್ ಚೆನ್ನಾಗಿ ಬಲ್ಲವ ವೈರಿಂಗಿಗೂ ಕೈ ಹಾಕಿದರೆ ಬೇಡವೆನ್ನಿ. ಮೂರು ಮನೆಯ ಕೆಲಸ ಒಟ್ಟಿಗೆ ಹಿಡಿದು, ನಿಮ್ಮ ಬಾತ್‌ರೂಮು ಒಡೆದಿಟ್ಟು ಮತ್ತೊಂದು ಮನೆಗೆ ಹೋಗುವುದೂ ಇವರ ಚಾಳಿಯೇ.

ಹಾರ್ಡ್‌ವೇರ್ ಅಂಗಡಿಯವರು ಕಳಿಸಿದವನ ಹಿಂದೆ ಅಂಗಡಿಯ ಹೆಸರಿರುತ್ತದೆ. ತಪ್ಪು ಅಳತೆಯ ಸಾಮಾನು ಬದಲಿಸಿ ಕೊಡುತ್ತಾರೆ, ಕೆಲಸ ಕೆಟ್ಟರೆ ದೂರಲು ಒಂದು ಗಲ್ಲೆ ಇದೆ. ಆದರೆ ಸಾಮಾನಿನ ಮೇಲೆ ಅವನಿಗೆ ಕಮಿಷನ್ ಇರಬಹುದು. ಅದರಲ್ಲಿ ಗುಟ್ಟೇನೂ ಇಲ್ಲ, ಊರಿಗೆಲ್ಲ ಗೊತ್ತಿರುವ ರೂಢಿ. ಅದಕ್ಕೇ ಸಾಮಾನಿನ ಪಟ್ಟಿ ಬರೆಸಿಕೊಂಡು ನೀವೇ ತನ್ನಿ, ಬಿಲ್ ನಿಮ್ಮ ಹೆಸರಲ್ಲಿರಲಿ, ಉಳಿದದ್ದನ್ನು ಮರಳಿಸಲು ಅಂಗಡಿಯವರೊಂದಿಗೆ ಮೊದಲೇ ಮಾತಾಡಿಕೊಳ್ಳಿ.

ಆ್ಯಪ್‌ಗಳಲ್ಲಿ ಎರಡು ಬಗೆ. ಬರೀ ನಂಬರಿನ ಪಟ್ಟಿ ಕೊಡುವವು ಒಂದು ಬಗೆ. ದರ ತಾವೇ ಗೊತ್ತುಮಾಡಿ ಜನ ಕಳಿಸುವವು ಇನ್ನೊಂದು. ಎರಡನೆಯದರಲ್ಲಿ ಬಂದವನ ಗುರುತು, ಕೊಟ್ಟ ಹಣ ಎರಡಕ್ಕೂ ದಾಖಲೆ ಉಳಿಯುತ್ತದೆ. ಎಸಿ ಸರ್ವಿಸ್, ಫ್ಯಾನ್ ಜೋಡಣೆ, ನಳ ಬದಲಾವಣೆ ಇಂಥ ಅಳತೆ ಗೊತ್ತಿರುವ ಕೆಲಸಕ್ಕೆ ಅದು ಚಲೋ. ಕಾರಣ ಹುಡುಕುವ ಕೆಲಸಕ್ಕೆ ಅಷ್ಟಕ್ಕಷ್ಟೇ, ಅವನಿಗೆ ಮುಂದಿನ ಬುಕಿಂಗ್ ಕಾದಿರುತ್ತದೆ. ಗದಗ, ಹಾವೇರಿಯಲ್ಲಿ ಈ ಆಯ್ಕೆ ಇನ್ನೂ ಕಿರಿದು. ಹುಬ್ಬಳ್ಳಿಯಿಂದ ಗದಗಿಗೆ ಸುಮಾರು 60 ಕಿ.ಮೀ., ಹಾವೇರಿಗೆ ಸುಮಾರು 75. ಹುಬ್ಬಳ್ಳಿಯವರನ್ನು ಕರೆಸಿದರೆ ಹೋಗಿಬರುವ ಖರ್ಚು ಯಾರ ಮೇಲೆ ಎಂದು ಫೋನಿನಲ್ಲೇ ತೀರ್ಮಾನವಾಗಬೇಕು.

ಗ್ಯಾರಂಟಿ ಇರುವ ಗೀಸರ್, ವಾಷಿಂಗ್ ಮಷಿನ್, ಇನ್‌ವರ್ಟರ್‌ಗಳಿಗೆ ಕಂಪನಿಯ ಸರ್ವಿಸ್ ಸೆಂಟರ್ ಬಿಟ್ಟು ಬೇರೆಯವರನ್ನು ಮುಟ್ಟಗೊಡಬೇಡಿ, ಗ್ಯಾರಂಟಿ ಕೈಬಿಟ್ಟು ಹೋದೀತು. ಅವರ ನಂಬರನ್ನು ಬಿಲ್ ಅಥವಾ ಸಾಮಾನಿನ ಮೇಲಿನ ಲೇಬಲ್ ನೋಡಿಯೇ ಹಚ್ಚಿ. ಗೂಗಲ್‌ನಲ್ಲಿ ಹುಡುಕಿದರೆ ಕಸ್ಟಮರ್ ಕೇರ್ ಹೆಸರಿನ ಕಳ್ಳ ನಂಬರುಗಳೂ ಸಿಗುತ್ತವೆ. ಹತ್ತು ರೂಪಾಯಿ ಕಳಿಸಿ, ಒಂದು ಆ್ಯಪ್ ಹಾಕಿಕೊಳ್ಳಿ, ಓಟಿಪಿ ಹೇಳಿ ಎಂದರೆ ಅಲ್ಲಿಗೇ ಫೋನಿಡಿ.

ಗುತ್ತಿಗೆದಾರ ಬೇಕಾಗುವುದು ಮೂರ್ನಾಲ್ಕು ಕಸುಬು ಕೂಡುವ ಕಡೆ: ಬಾತ್‌ರೂಮು ಪೂರ್ತಿ ಒಡೆದು ಮಾಡುವುದು, ಅಡುಗೆಮನೆ ಕಟ್ಟೆ ಬದಲಿಸುವುದು. ಪ್ಲಂಬರ್ ಮುಗಿಸುವ ಮೊದಲೇ ಟೈಲ್ಸಿನವ ಬಂದು ಕೂತರೆ ಆ ದಿನದ ಪಗಾರ ಯಾರ ತಲೆಗೆ ಎಂಬ ಜಗಳ ತಪ್ಪುತ್ತದೆ. ಇನ್ನು ಮುಂಜಾನೆ ನಾಕಾದಲ್ಲಿ ನಿಂತ ದಿನಗೂಲಿಯವರು ಒಡೆಯಲು, ಹೊರಲು, ಅಗೆಯಲು ಸರಿ. ಕೈಕೆಲಸ ಅವರಿಂದ ಬಯಸಬೇಡಿ.

ಹಸಿ ಗೋಡೆಯ ಮುಂದೆ ನಿಂತಾಗ

ಬಂದವನು ಎಂಥವನೆಂದು ತಿಳಿಯಲು ಹಸಿ ಗೋಡೆಯಷ್ಟು ಚಲೋ ಪರೀಕ್ಷೆ ಮತ್ತೊಂದಿಲ್ಲ. ಮನೆಯವರು ‘ಎಷ್ಟ ಆಗತೈತ್ರಿ?’ ಎಂದಾಗ, ‘ಮೊದ್ಲ ನೀರು ಎಲ್ಲಿಂದ ಬರಾಕತ್ತೈತಿ ನೋಡೂಣ್ರಿ ಅಕ್ಕಾರ, ರೊಕ್ಕದ ಮಾತು ಆಮ್ಯಾಲೆ’ ಎಂದವನನ್ನು ಹಿಡಿದುಕೊಳ್ಳಿ. ಗೋಡೆಗೆ ಕೈ ಇಡುವ ಮೊದಲೇ ಚದರ ಅಡಿಗೆ ಇಷ್ಟು ಎಂದವನಿಗೆ ಚಹಾ ಕೊಟ್ಟು ಕಳಿಸಿ.

ಬಲ್ಲವನು ನೋಡುವ ಕ್ರಮ ಹೀಗಿರುತ್ತದೆ. ನೀವೂ ಮಾಡಬಹುದು, ಏನೂ ಒಡೆಯಬೇಕಿಲ್ಲ. ರಾತ್ರಿ ಮೇಲಿನ ಟಾಕಿ ತುಂಬಿಸಿ, ಮನೆಯ ಎಲ್ಲ ನಳ ಬಂದ್ ಮಾಡಿ. ಫ್ಲಶ್ ಟ್ಯಾಂಕಿನ ಆ್ಯಂಗಲ್ ಕಾಕ್ ಕೂಡ ಬಂದ್ ಇರಬೇಕು, ಇಲ್ಲವಾದರೆ ಅದರೊಳಗಿನ ಸಣ್ಣ ಸೋರಿಕೆ ಲೆಕ್ಕ ಕೆಡಿಸುತ್ತದೆ. ಒಂದು ಕೋಲು ಇಳಿಬಿಟ್ಟು ನೀರಿನ ಮಟ್ಟಕ್ಕೆ ಗುರುತು ಹಾಕಿ, ಬೆಳಿಗ್ಗೆ ಮತ್ತೆ ನೋಡಿ. ಮಟ್ಟ ಇಳಿದಿದ್ದರೆ ಒತ್ತಡದ ಪೈಪಿನಲ್ಲೇ ಸೋರಿಕೆ, ಅದು ಪ್ಲಂಬರನ ಕೆಲಸ. ಇಳಿದಿಲ್ಲವೆಂದರೆ ಹರಿದುಹೋಗುವ ನೀರಿನ ಕಡೆ ಬನ್ನಿ. ಬಾತ್‌ರೂಮಿನ ನೀರು ಹೊರಹೋಗುವ ಜಾಲಿಯ ಬಾಯಿಗೆ ಪ್ಲಾಸ್ಟಿಕ್ ಸುತ್ತಿದ ಬಟ್ಟೆ ತುರುಕಿ, ನೆಲದ ಮೇಲೆ ಒಂದು ಇಂಚು ನೀರು ನಿಲ್ಲಿಸಿ, 24 ತಾಸು ಬಿಡಿ. ಹಸಿ ಹೆಚ್ಚಿದರೆ ಟೈಲ್ಸಿನ ಸಂದಿ ಅಥವಾ ಜಾಲಿಯ ಸುತ್ತಲಿನ ಜೋಡಣೆ ಕೆಟ್ಟಿದೆ. ಹೆಚ್ಚದಿದ್ದರೆ ಬಟ್ಟೆಗೆ ಹಾಕುವ ನೀಲಿಯನ್ನು ಒಂದು ಬಕೆಟ್ ನೀರಿಗೆ ಕಲಸಿ ಜಾಲಿಗೆ ಸುರಿಯಿರಿ. ಹೊರಗೋಡೆಯ ಮೇಲೆ ನೀಲಿ ಕಂಡರೆ ಕೆಳಗಿನ ಪೈಪಿನ ಜಾಯಿಂಟ್ ಬಿಟ್ಟಿದೆ.

ಇವೆರಡೂ ಅಲ್ಲ, ಮಳೆ ಬಂದಾಗ ಮಾತ್ರ ಹಸಿ ಎಂದಾದರೆ ಹೊರಗಿನ ಗಿಲಾವಿನ ಬಿರುಕು ನೋಡಬೇಕು. ನೆಲದಿಂದ ಎರಡು ಮೂರು ಅಡಿ ಎತ್ತರದವರೆಗೆ ಮಾತ್ರ ಪಟ್ಟಿಯಂತೆ ಹಸಿಯಾಗಿ, ಮೇಲೆ ಬಿಳಿ ಉಪ್ಪು ಅರಳಿದ್ದರೆ ಅದು ಬುಡದಿಂದ ಏರುವ ತೇವ. ಅದಕ್ಕೆ ಡ್ಯಾಂಪ್‌ಪ್ರೂಫ್ ಪೇಂಟ್ ಬಳಿದರೆ ತೇವ ಆ ಬಣ್ಣದ ಪಟ್ಟಿ ದಾಟಿ ಇನ್ನೊಂದಿಷ್ಟು ಮೇಲೇರುತ್ತದೆ, ಅಷ್ಟೇ ಆಗುವುದು.

ಪೈಪ್ ಕೆಲಸಕ್ಕೆ ಕೈ ಹಾಕಿದ ಮೇಲೆ ನೋಡಬೇಕಾದ್ದು ಹೆಚ್ಚಿಲ್ಲ. ಬಿಸಿನೀರಿಗೆ ಸಿಪಿವಿಸಿ ಪೈಪ್, ತಣ್ಣೀರಿಗೆ ಯುಪಿವಿಸಿ ಪೈಪ್, ಎರಡಕ್ಕೂ ಬೇರೆ ಬೇರೆ ಸಾಲ್ವೆಂಟ್ (ಅಂಟು). ಒಂದೇ ಡಬ್ಬಿಯಿಂದ ಎರಡನ್ನೂ ಅಂಟಿಸುವವನನ್ನು ತಡೆಯಿರಿ. ಅಂಟಿಸಿದ ಕೂಡಲೇ ನೀರು ಬಿಡಬಾರದು. ಗೋಡೆಯೊಳಗೆ ಮುಚ್ಚುವ ಪೈಪಾದರೆ ಒಂದು ದಿನ ಒಣಗಿಸಿ, ಒತ್ತಡದಲ್ಲಿ ನೀರು ನಿಲ್ಲಿಸಿ ನೋಡಿದ ಮೇಲೆಯೇ ಗಿಲಾವು. ಪ್ಲಾಸ್ಟಿಕ್ ಥ್ರೆಡ್ಡಿಗೆ ಪಾನಾ ಹಾಕಿ ಬಲವಾಗಿ ಬಿಗಿದರೆ ಅಂದು ಸೋರುವುದಿಲ್ಲ, ಕೆಲ ದಿನದ ಮೇಲೆ ಸೀಳಿ ಸೋರುತ್ತದೆ. ನಳ ಕೂಡುವ ಜಾಗದಲ್ಲಿ ಹಿತ್ತಾಳೆ ಥ್ರೆಡ್ಡಿನ ಫಿಟ್ಟಿಂಗ್ ಕೇಳಿ.

ಮೋಟರ್: ರಿವೈಂಡಿಂಗ್ ಎಂದೊಡನೆ ಒಪ್ಪಬೇಡಿ

ಸಂಪಿನಿಂದ ಟಾಕಿಗೆ ನೀರೇರಿಸುವ ಅರ್ಧ ಅಥವಾ ಒಂದು ಎಚ್‌ಪಿಯ ಸಿಂಗಲ್ ಫೇಸ್ ಮೋಟರ್ ಕೆಡುವ ರೀತಿ ಬಹುಪಾಲು ಮೂರು. ಸ್ವಿಚ್ ಹಾಕಿದರೆ ಗುಂಯ್ ಅನ್ನುತ್ತದೆ, ತಿರುಗುವುದಿಲ್ಲ: ಕರೆಂಟ್ ತೆಗೆದು ಹಿಂದಿನ ಫ್ಯಾನ್ ಕೈಯಿಂದ ತಿರುಗಿಸಬೇಕು. ಸಲೀಸಾಗಿ ತಿರುಗಿದರೆ ಮೊದಲ ಗುಮಾನಿ ಮೋಟರನ್ನು ತಿರುಗಿಸಲು ಶುರುಮಾಡುವ ಕೆಪಾಸಿಟರ್ ಮೇಲೆ. ಬಿಗಿದಿದ್ದರೆ ಇಂಪೆಲರ್ (ನೀರು ತಳ್ಳುವ ಚಕ್ರ) ತುಕ್ಕು ಅಥವಾ ಬೋರ್ ನೀರಿನ ಸುಣ್ಣ ಹಿಡಿದಿದೆ. ಬಹಳ ದಿನ ನಿಲ್ಲಿಸಿಟ್ಟ ಮೋಟರಿಗೆ ಇದು ಮಾಮೂಲು. ಎರಡನೆಯದು, ಮೋಟರ್ ತಿರುಗುತ್ತದೆ, ನೀರು ಬರುವುದಿಲ್ಲ: ಎಳೆಯುವ ಪೈಪಿನ ತುದಿಯ ಫುಟ್ ವಾಲ್ವ್ ನೀರು ಹಿಡಿಯುತ್ತಿಲ್ಲ, ಇಲ್ಲವೇ ಎಳೆಯುವ ಪೈಪಿನ ಜಾಯಿಂಟಿನಿಂದ ಗಾಳಿ ಸೇರುತ್ತಿದೆ. ಮೂರನೆಯದು, ಹಾಕಿದೊಡನೆ ಎಂಸಿಬಿ ಬೀಳುತ್ತದೆ ಅಥವಾ ಸುಟ್ಟ ವಾಸನೆ. ರಿವೈಂಡಿಂಗ್, ಅಂದರೆ ಒಳಗಿನ ತಂತಿ ಹೊಸದಾಗಿ ಸುತ್ತುವ ಮಾತು ಬರಬೇಕಾದದ್ದು ಇಲ್ಲಿ.

ಕೆಪಾಸಿಟರ್ ನೋಡದೆ ‘ವೈಂಡಿಂಗ್ ಹೋಗೇತ್ರಿ, ಬಿಚ್ಚಿ ಒಯ್ತೇನ್ರಿ’ ಎಂದವನಿಗೆ ಮೋಟರ್ ಕೊಡಬೇಡಿ. ಹೊಸ ಕೆಪಾಸಿಟರ್ ಮೋಟರಿನ ಹೆಸರುಫಲಕದಲ್ಲಿ ಬರೆದಷ್ಟೇ ಮೈಕ್ರೋಫ್ಯಾರಡ್‌ನದಾಗಿರಬೇಕು, ‘ದೊಡ್ಡದು ಹಾಕಿದ್ರ ಜೋರ ಎಳೀತೈತಿ’ ಎಂಬ ಮಾತು ನಂಬಬೇಡಿ. ನಿಜಕ್ಕೂ ರಿವೈಂಡ್ ಆಗಬೇಕಾದರೆ ತಾಮ್ರದ ತಂತಿಯೋ ಅಲ್ಯೂಮಿನಿಯಮ್ಮೋ ಎಂದು ಬರೆಸಿ, ತೆಗೆದ ಹಳೆಯ ವೈಂಡಿಂಗ್ ಮರಳಿ ಕೇಳಿ. ಅದು ನಿಮ್ಮದೇ ತಾಮ್ರ, ಗುಜರಿಯಲ್ಲಿ ಬೆಲೆ ಬರುತ್ತದೆ. ಸುಟ್ಟಿತ್ತೋ ಇಲ್ಲವೋ ಎಂಬುದಕ್ಕೆ ಸಾಕ್ಷಿಯೂ ಅದೇ.

ಕರೆಂಟಿನ ಕೆಲಸ

ಇಲ್ಲಿ ಅಗ್ಗದವನನ್ನು ಹುಡುಕಬೇಡಿ. ವೈರ್‌ಮನ್ ಪರ್ಮಿಟ್ ಅಥವಾ ಐಟಿಐ ಸರ್ಟಿಫಿಕೇಟ್ ಕೇಳುವುದರಲ್ಲಿ ಸಂಕೋಚವೇನೂ ಬೇಡ, ಇದ್ದವನು ಫೋನಿನಲ್ಲೇ ಫೋಟೊ ತೋರಿಸುತ್ತಾನೆ. ಕಾರ್ಮಿಕ ಕಾರ್ಡ್ ಬೇರೆ ವಿಷಯ. ಅದು ಕಟ್ಟಡ ಕಾರ್ಮಿಕನೆಂಬ ನೋಂದಣಿ, ಕಸುಬು ಬರುತ್ತದೆ ಎನ್ನುವುದಕ್ಕೆ ಪುರಾವೆ ಅಲ್ಲ.

ಎಂಸಿಬಿ ಬೀಳುತ್ತಿದೆ ಎಂದಾಗ ‘ಸಣ್ಣದ ಐತ್ರಿ, 32ದು ಹಾಕೂಣು’ ಎಂದರೆ ಮಾತು ಅಲ್ಲಿಗೇ ಮುಗಿಸಿ. ಎಂಸಿಬಿ ಇರುವುದು ಗೋಡೆಯೊಳಗಿನ ವೈರ್ ಕಾಯಲು. ವೈರ್ ಹಳೆಯದೇ ಇಟ್ಟು ಎಂಸಿಬಿ ದೊಡ್ಡದು ಮಾಡಿದರೆ ವೈರ್ ಕಾದರೂ ಅದು ಬೀಳುವುದಿಲ್ಲ. 2 ಕಿಲೋವ್ಯಾಟ್ ಗೀಸರ್ ಸುಮಾರು 9 ಆಂಪಿಯರ್ ಎಳೆಯುತ್ತದೆ. ಅದಕ್ಕೆ 16 ಆಂಪಿಯರಿನ ಸಾಕೆಟ್, ಬೋರ್ಡಿನಿಂದ ನೇರ ಬಂದ 2.5 ಚದರ ಮಿ.ಮೀ. ವೈರ್ ಕನಿಷ್ಠ, ದೂರ ಹೆಚ್ಚಿದ್ದರೆ 4. ದೀಪ, ಫ್ಯಾನಿಗೆ 1 ಅಥವಾ 1.5 ಸಾಕು. ವೈರ್ ಸುರುಳಿಯ ಮೇಲೆ ಐಎಸ್‌ಐ ಗುರುತು, ಐಎಸ್ 694 ಎಂಬ ಅಂಕಿ ನೋಡಿ.

ಆರ್‌ಸಿಸಿಬಿ (ಶಾಕ್‌ನಿಂದ ಕಾಯುವ ಸ್ವಿಚ್) ಬೀಳುತ್ತಿದ್ದರೆ ಎಲ್ಲೋ ಕರೆಂಟ್ ಭೂಮಿಗೆ ಸೋರುತ್ತಿದೆ ಎಂದರ್ಥ. ಮನೆಗೆ ಹಾಕುವುದು 30 ಮಿಲಿಆಂಪಿಯರಿನದು. ಗೀಸರಿನ ಎಲಿಮೆಂಟ್, ಹಸಿಯಾದ ಸ್ವಿಚ್ ಬಾಕ್ಸ್, ಎಲ್ಲೋ ಕೂಡಿಸಿಟ್ಟ ನ್ಯೂಟ್ರಲ್ ಮತ್ತು ಅರ್ಥ್ ಇದಕ್ಕೆ ಸಾಮಾನ್ಯ ಕಾರಣ. ಒಂದೊಂದೇ ಸರ್ಕಿಟ್ ತೆಗೆದು ಹುಡುಕುವವನು ಸರಿ. ಆರ್‌ಸಿಸಿಬಿಯನ್ನೇ ಬೈಪಾಸ್ ಮಾಡಿಕೊಟ್ಟು ‘ಈಗ ಬೀಳಂಗಿಲ್ಲ ನೋಡ್ರಿ’ ಎಂದವನು ನಿಮ್ಮ ಮನೆಯವರ ಜೀವದ ಮೇಲೆ ಕೆಲಸ ಮಾಡಿ ಹೋಗಿದ್ದಾನೆ. ಬರೀ ಟೆಸ್ಟರ್ ಸ್ಕ್ರೂಡ್ರೈವರ್ ಹಿಡಿದು ಬಂದವನಿಂದ ಈ ಹುಡುಕಾಟ ಆಗುವುದಿಲ್ಲ, ಮೀಟರ್ ಬೇಕೇ ಬೇಕು.

ಹೆಸ್ಕಾಂ (ಇಲ್ಲಿನ ವಿದ್ಯುತ್ ಕಂಪನಿ) ಮೀಟರಿನ ಸೀಲ್ ಖಾಸಗಿಯವರು ಮುಟ್ಟುವಂತಿಲ್ಲ. ಕಂಬದಿಂದ ಮೀಟರಿನವರೆಗಿನ ತೊಂದರೆಗೆ 1912ಕ್ಕೆ ಫೋನ್ ಹಚ್ಚಿ.

ಬಿರುಕು: ಎರೆ ಭೂಮಿಯ ಮನೆಗಳು

ಹುಬ್ಬಳ್ಳಿಯಿಂದ ನವಲಗುಂದ, ನರಗುಂದ, ರೋಣದ ಕಡೆ ಹೋದಂತೆ ಎರೆ ಮಣ್ಣು. ಧಾರವಾಡದ ಪಡುವಲ ಭಾಗದಲ್ಲಿ ಕೆಂಪು ಮಣ್ಣು. ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬ್ಯಾಸಗಿಗೆ ಕುಗ್ಗಿ ಬಿರಿಯುತ್ತದೆ, ಅದರ ಮೇಲಿನ ಮನೆಯೂ ಜೊತೆಗೆ ಏರಿಳಿಯುತ್ತದೆ. ಕಿಟಕಿ ಬಾಗಿಲ ಮೂಲೆಯಿಂದ ಓರೆಯಾಗಿ ಹೊರಟ ಬಿರುಕು, ಏಪ್ರಿಲ್‌ನಲ್ಲಿ ಅಗಲ, ಆಗಸ್ಟ್‌ನಲ್ಲಿ ಸಣ್ಣ: ಮಣ್ಣಿನ ಕೆಲಸವೇ ಇದು. ಅದಕ್ಕೆ ಸಿಮೆಂಟ್ ತುಂಬಿಕೊಟ್ಟ ಗೌಂಡಿಗೆ ಪ್ರತಿ ವರ್ಷ ಕೆಲಸ ಸಿಗುತ್ತದೆ.

ಯಾರನ್ನೂ ಕರೆಯುವ ಮೊದಲು ಬಿರುಕಿನ ಎರಡೂ ತುದಿಗೆ ಪೆನ್ಸಿಲ್ ಗೀರು ಎಳೆದು ತಾರೀಖು ಬರೆಯಿರಿ. ನಡುವೆ ಅಡ್ಡಲಾಗಿ ಸಣ್ಣ ಗಾಜಿನ ಚೂರು ಅಂಟಿಸಿಡಿ. ಗಾಜು ಒಡೆದರೆ ಬಿರುಕು ಇನ್ನೂ ನಡೆಯುತ್ತಿದೆ. ಕೂದಲೆಳೆಯಷ್ಟು ಸಣ್ಣ, ಅಡ್ಡಾದಿಡ್ಡಿ ಬಿರುಕುಗಳು ಗಿಲಾವಿನವು, ಗೌಂಡಿ ಸಾಕು. 5 ಮಿ.ಮೀ.ಗಿಂತ ಅಗಲವಿದ್ದು, ಇಟ್ಟಿಗೆಯ ಸಂದಿ ಹಿಡಿದು ಮೆಟ್ಟಿಲಾಕಾರದಲ್ಲಿ ಸಾಗಿದ್ದರೆ, ಬಾಗಿಲುಗಳು ಬಿಗಿಯುತ್ತಿದ್ದರೆ ಗೌಂಡಿಯನ್ನೂ ಗುತ್ತಿಗೆದಾರನನ್ನೂ ಬದಿಗಿಟ್ಟು ಸ್ಟ್ರಕ್ಚರಲ್ ಎಂಜಿನಿಯರರನ್ನು ಕರೆಯಿರಿ. ಗೋಡೆ ರಿಪೇರಿಗೆ ದುಡ್ಡು ಹಾಕುವ ಮೊದಲು ನೆಲದ ನೀರಿಗೆ ದಾರಿ ಮಾಡುವುದು ಲೇಸು. ಮನೆಯ ಸುತ್ತ ಒಂದು ಮೀಟರ್ ಅಗಲ, ಹೊರಕ್ಕೆ ಇಳಿಜಾರಾದ ಕಾಂಕ್ರೀಟ್ ಪಟ್ಟಿ ಹಾಕಿ, ಬುಡದ ಹತ್ತಿರ ಸೋರುವ ಪೈಪ್ ಸರಿ ಮಾಡಿಸಿದರೆ ಅರ್ಧ ಬಿರುಕು ಅಲ್ಲಿಗೇ ನಿಲ್ಲುತ್ತದೆ. ಇದನ್ನು ತಾನಾಗಿ ಹೇಳುವ ಗೌಂಡಿ ಸಿಕ್ಕರೆ ಅವನ ನಂಬರ್ ಕಳೆದುಕೊಳ್ಳಬೇಡಿ.

ಮಾಳಿಗೆಯ, ಅಂದರೆ ಮನೆಯ ಮೇಲ್ಛಾವಣಿಯ ಬಗ್ಗೆಯೂ ಒಂದು ಮಾತು. ಹಳೆಯ ಮಣ್ಣಿನ ಮ್ಯಾಳಿಗೆಗೆ ಸೋರುತ್ತದೆಂದು ಸಿಮೆಂಟ್ ಹಾಕಿಸುವುದು ಈಗ ಹೆಚ್ಚಾಗಿದೆ. ಮಣ್ಣು ಮತ್ತು ಸಿಮೆಂಟ್ ಬಿಸಿಲಿಗೆ ಒಂದೇ ರೀತಿ ಹಿಗ್ಗುವುದಿಲ್ಲ, ಬಿರುಕು ಬಿಡುತ್ತದೆ, ಒಳಹೋದ ನೀರು ಆರದೆ ಕೆಳಗಿನ ಜಂತಿ ಕೊಳೆಯುತ್ತದೆ. ಅಂಥ ಮನೆಗೆ ಊರಿನ ಹಿರಿಯ ಗೌಂಡಿಯೇ ಬೇಕು, ನಗರದ ವಾಟರ್‌ಪ್ರೂಫಿಂಗ್ ಕಂಪನಿ ಬೇಡ. ಧಾರವಾಡದ ಮಾಳಮಡ್ಡಿಯಂಥ ಕಡೆಯ ಹಂಚಿನ ಮನೆಗೂ ಹಂಚು ಹತ್ತಿ ಅಭ್ಯಾಸವಿದ್ದವರೇ ಬರಲಿ. ಬಾರದವನು ಒಂದು ಹಂಚು ಬದಲಿಸಲು ಹತ್ತಿ ನಾಲ್ಕು ಒಡೆದು ಇಳಿಯುತ್ತಾನೆ.

ಆರ್‌ಸಿಸಿ ಸ್ಲ್ಯಾಬಿಗೆ ಮಾತ್ರ ವಾಟರ್‌ಪ್ರೂಫಿಂಗ್‌ನವರು ಸರಿ, ಅದೂ ಫೆಬ್ರುವರಿಯಿಂದ ಮೇ ಒಳಗೆ. ಹಸಿ ಕಾಂಕ್ರೀಟಿನ ಮೇಲೆ ಬಳಿದ ಕೋಟಿಂಗ್ ಗುಳ್ಳೆ ಎದ್ದು ಕಿತ್ತು ಬರುತ್ತದೆ. ಬಿರುಕನ್ನು ‘ವಿ’ ಆಕಾರದಲ್ಲಿ ಕೊರೆದು ಪಾಲಿಮರ್ ಗಾರೆ ತುಂಬುತ್ತಾರೆಯೇ, ಎರಡು ಕೋಟಿನ ನಡುವೆ ಫೈಬರ್ ಜಾಲಿ ಹಾಕುತ್ತಾರೆಯೇ, ಮುಗಿಸಿ ನೀರು ನಿಲ್ಲಿಸಿ ತೋರಿಸುತ್ತಾರೆಯೇ ಕೇಳಿ. ಸ್ಲ್ಯಾಬಿನ ತಳದಲ್ಲಿ ಸರಳು ತುಕ್ಕು ಹಿಡಿದು ಕಾಂಕ್ರೀಟ್ ಉದುರುತ್ತಿದ್ದರೆ, ಸಡಿಲ ಭಾಗ ಕೆಡವಿ ಸರಳಿನ ತುಕ್ಕು ತಿಕ್ಕಿ ತೆಗೆಯದೆ ಹಚ್ಚಿದ ಗಿಲಾವು ಮತ್ತೆ ಉದುರುತ್ತದೆ.

ಬಡಿಗತನದಲ್ಲಿ ಮೋಸ ಕಡಿಮೆ, ಅವಸರ ಹೆಚ್ಚು. ಮಳೆಗಾಲದಲ್ಲಿ ಬಿಗಿದ ಬಾಗಿಲನ್ನು ಜುಲೈನಲ್ಲಿ ಜೋರಾಗಿ ಹೆರೆಸಿದರೆ ಜನವರಿಯಲ್ಲಿ ಸಂದಿ ಬೀಳುತ್ತದೆ.

ಪಗಾರ, ಅಡ್ವಾನ್ಸ್, ಚೀಟಿ

ಅಳತೆ ಗೊತ್ತಿರುವ ಕೆಲಸವನ್ನು ಗುತ್ತಿಗೆ ಕೊಡಿ, ಒಡೆದು ನೋಡಬೇಕಾದ ಕೆಲಸವನ್ನು ದಿನದ ಪಗಾರಕ್ಕೆ ಮಾಡಿಸಿ. ತಿರುವುಮುರುವಾದರೆ ಒಂದರಲ್ಲಿ ದಿನ ಎಳೆಯುತ್ತಾರೆ, ಇನ್ನೊಂದರಲ್ಲಿ ಕೆಲಸ ಅರೆಬರೆ ಮುಗಿಸುತ್ತಾರೆ. ದಿನದ ಲೆಕ್ಕವಾದರೆ ಒಬ್ಬ ಗೌಂಡಿಗೆ ಎಷ್ಟು ಆಳು, ಎಷ್ಟು ಗಂಟೆಗೆ ಬರುತ್ತಾರೆ, ಅಮಾವಾಸ್ಯೆ ರಜೆಯೋ ಎಂದು ಮೊದಲೇ ಮಾತಾಡಿ. ವಾರದ ಬಟವಾಡೆ ಸಂತೆಯ ದಿನ ಕೊಡುವುದಾದರೆ ಆ ವಾರ ಆದ ಕೆಲಸ ಅಳೆದು ಕೊಡಿ.

ಸಾಮಾನಿನ ಲೆಕ್ಕ ಸ್ವಲ್ಪ ಗೊತ್ತಿರಲಿ. 12 ಮಿ.ಮೀ. ದಪ್ಪ, ಸಿಮೆಂಟ್ ಒಂದಕ್ಕೆ ಮರಳು ಐದರ ಗಿಲಾವಿಗೆ 100 ಚದರ ಅಡಿಗೆ ಸಿಮೆಂಟ್ ಒಂದು ಚೀಲದ ಒಳಗೇ ಮುಗಿಯುತ್ತದೆ. ಅಷ್ಟಕ್ಕೆ ಎರಡು ಚೀಲ ಬರೆದರೆ ಯಾಕೆ ಎಂದು ಕೇಳಿ. ಗೋಡೆ ಬಹಳ ಡೊಂಕಿದೆ ಎಂಬ ಉತ್ತರ ಬಂದರೆ, ದಾರ ಕಟ್ಟಿದ ತೂಕದ ಗುಂಡು ಇಳಿಬಿಟ್ಟು ತೋರಿಸಲಿ. ಗಿಲಾವಿಗೆ ದಪ್ಪ ಎಂ-ಸ್ಯಾಂಡ್ ಬೇಡ, ಸಣ್ಣ ಪಿ-ಸ್ಯಾಂಡ್ ಕೇಳಿ. ಮತ್ತೆ ಏಳು ದಿನ ನೀರು ಹೊಡೆಯುವುದು ಮನೆಯವರ ಕೆಲಸ. ಅದನ್ನು ಮರೆತು ಗೌಂಡಿಯನ್ನು ಬೈಯುವ ಮನೆಗಳೂ ಸಾಕಷ್ಟಿವೆ.

ಪೂರ್ತಿ ಅಡ್ವಾನ್ಸ್ ಯಾರಿಗೂ ಬೇಡ. ಸಾಮಾನಿಗೆ ಬಿಲ್ ನೋಡಿ ಕೊಡಿ, ಕೂಲಿ ಎರಡು ಮೂರು ಕಂತಿನಲ್ಲಿ. ಹತ್ತನೇ ಒಂದು ಭಾಗ ಕೊನೆಗೆ ಇಟ್ಟುಕೊಳ್ಳಿ: ಪೈಪ್ ಕೆಲಸವಾದರೆ ಹತ್ತು ದಿನ, ಮಾಳಿಗೆ ಕೆಲಸವಾದರೆ ಮೊದಲ ದೊಡ್ಡ ಮಳೆ ಆಗುವವರೆಗೆ. ಇದನ್ನು ಕೆಲಸ ಶುರುವಾಗುವ ಮೊದಲೇ ಹೇಳಬೇಕು, ಮುಗಿದ ಮೇಲೆ ಹೇಳಿದರೆ ಅದು ದುಡ್ಡು ಹಿಡಿದಂತೆ.

ಓಣಿಯ ಮಿಸ್ತ್ರಿಯಿಂದ ಜಿಎಸ್‌ಟಿ ಬಿಲ್ ಬಯಸುವುದು ಸರಿಯಲ್ಲ. ಸೇವೆಗೆ ಸಾಮಾನ್ಯವಾಗಿ ವರ್ಷದ ವಹಿವಾಟು 20 ಲಕ್ಷ ದಾಟಿದವರಿಗೇ ನೋಂದಣಿ ಕಡ್ಡಾಯ. ಒಂದು ಹಾಳೆಯಲ್ಲಿ ಕೆಲಸ ಏನು, ಸಾಮಾನು ಯಾವ ಕಂಪನಿಯದು, ಒಟ್ಟು ಎಷ್ಟು, ಎಷ್ಟು ದಿನದೊಳಗೆ ಕೆಟ್ಟರೆ ಪುಕ್ಕಟೆ ಮಾಡಿಕೊಡುತ್ತಾನೆ ಎಂದು ಬರೆದು ಇಬ್ಬರೂ ಸಹಿ ಹಾಕಿದರೆ ಸಾಕು. ಹಣ ಯುಪಿಐನಲ್ಲಿ ಹೋಗಲಿ, ಒಡೆಯುವ ಮೊದಲು ಮತ್ತು ಮುಚ್ಚುವ ಮೊದಲು ಫೋಟೊ ತೆಗೆದಿಡಿ. ಮುಚ್ಚಿದ ಪೈಪ್ ಎಲ್ಲಿ ಹೋಗಿದೆ ಎಂಬುದು ಮುಂದೆ ಗೋಡೆಗೆ ಡ್ರಿಲ್ ಹಾಕುವಾಗಲೂ ಬೇಕಾಗುತ್ತದೆ.

ದೊಡ್ಡ ಮೊತ್ತದ ಕೆಲಸ ಕೆಟ್ಟು, ಕರೆದರೂ ಬಾರದಿದ್ದರೆ 1915 ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು. ಕೆಲಸಕ್ಕೆ ಕೊಟ್ಟ ಮೊತ್ತ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ಆ ಹಾಳೆ, ಯುಪಿಐ ದಾಖಲೆ, ಫೋಟೊಗಳನ್ನೇ ಅಲ್ಲಿ ಕೇಳುತ್ತಾರೆ.